ಹರಾಂ ಎಂದದ್ದಾಯಿತು, ಮದ್ದು ಕೊಡುವವರು ಯಾರು?

ಮಗ್ರಿಬ್ ನಮಾಝ್ ಮುಗಿದು ಮಕ್ಕಳು ಕಿತಾಬು ಬಿಚ್ಚುವ ಹೊತ್ತು. ಮದ್ರಸದ ಬಾಗಿಲ ಬಳಿ ಒಬ್ಬರು ತಾಯಿ ಬಂದು ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. “ಹಜ್ರತ್, ಮಗನಿಗೆ ಒಂದು ತಾಯಿತ ಬರ್ದು ಕೊಡಿ. ಯಾರೋ ಏನೋ ಮಾಡಿಸ್ಬಿಟ್ಟವ್ರೆ. ರಾತ್ರಿಯೆಲ್ಲಾ ಮೊಬೈಲ್ ಹಿಡ್ಕೊಂಡು ಕೂತಿರ್ತಾನೆ. ಮಾತಾಡ್ಸಿದ್ರೆ ಎಗರಿ ಬೀಳ್ತಾನೆ. ತಂಗಿ ಮದ್ವೆಗೆ ಅಂತ ಮಾಡಿಸಿಟ್ಟ ಸರ ಕಾಣ್ತಿಲ್ಲ” ಅಂದರು. ಕರಾವಳಿಯಿಂದ ಬಂದ ನಮ್ಮನ್ನು ಇಲ್ಲಿಯ ಉರ್ದು ಮಾತಾಡುವ ಜನ ಹಜ್ರತ್ ಅಂತ ಕರೆಯುತ್ತಾರೆ, ನಮ್ಮ ಬ್ಯಾರಿ ಅಂಗಡಿಯವರು ಉಸ್ತಾದ್ ಅನ್ನುತ್ತಾರೆ. ಕಷ್ಟ ಹೇಳಿಕೊಳ್ಳಲು ಮಾತ್ರ ಇಬ್ಬರೂ ಇದೇ ಬಾಗಿಲಿಗೆ ಬರುತ್ತಾರೆ.

ಆ ಹುಡುಗ ನಮ್ಮಲ್ಲೇ ಕುರ್‌ಆನ್ ಓದಿದವನು. ಪಿಯುಸಿ ಮುಗಿಸಿ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಇದ್ದ. ಐಪಿಎಲ್ ಸಮಯದಲ್ಲಿ ಗೆಳೆಯರ ಜೊತೆ ಸೇರಿ ಕ್ರಿಕೆಟ್ ತಂಡ ಕಟ್ಟುವ ಆ್ಯಪಿಗೆ ಐವತ್ತು ರೂಪಾಯಿ ಹಾಕಿದ್ದು ಮೊದಲು. ಆ ವಾರ ಸ್ವಲ್ಪ ದುಡ್ಡು ಬಂತು. ಆಮೇಲೆ ಆನ್‌ಲೈನ್ ರಮ್ಮಿ. ಹೋದ ದುಡ್ಡನ್ನು ವಾಪಸು ತರಬೇಕು ಅಂತ ಇನ್ನಷ್ಟು ದುಡ್ಡು. ಸಂಬಳ ಮುಗಿದ ಮೇಲೆ ಸಾಲ ಕೊಡುವ ಆ್ಯಪು, ಅದರ ಮೇಲೆ ಇನ್ನೊಂದು, ಕೊನೆಗೆ ತಂಗಿಯ ಸರ. ಮಾಟ ಮಾಡಿಸಿದವರು ಯಾರೂ ಇರಲಿಲ್ಲ. ಎಲ್ಲವೂ ಅವನ ಅಂಗೈಯ ಫೋನಿನಲ್ಲೇ ಇತ್ತು.

ಇದೆಲ್ಲಾ ಗೊತ್ತಾದಾಗ ನಾವು ಏನು ಮಾಡಿದೆವು? ಮಾಡಬಾರದ್ದನ್ನೇ ಮಾಡಿದೆವು. ಮುಂದಿನ ಗುರುವಾರ ಇಶಾ ನಂತರದ ಪ್ರವಚನದಲ್ಲಿ ಜೂಜಿನ ವಿಷಯ ಎತ್ತಿದೆವು. ಹೆಸರು ಹೇಳಲಿಲ್ಲ ನಿಜ. ಆದರೆ “ತಂಗಿಯ ಚಿನ್ನ ಮಾರಿ ಆಡುವವರೂ ನಮ್ಮ ಮಧ್ಯೆ ಇದ್ದಾರೆ” ಅಂದುಬಿಟ್ಟೆವು. ಸಣ್ಣ ಊರು. ಸಫ್ಫಿನಲ್ಲಿದ್ದ ಹತ್ತು ತಲೆ ಒಂದೇ ಕಡೆ ತಿರುಗಿತು. ಮಾರನೇ ದಿನದಿಂದ ಹುಡುಗ ಮಸೀದಿಗೆ ಬರುವುದು ನಿಲ್ಲಿಸಿದ. ಜೂಜು ಮಾತ್ರ ನಿಲ್ಲಿಸಲಿಲ್ಲ. ಒಳ್ಳೆಯ ಮಾತು ಹೇಳಿದೆವು ಅನ್ನುವ ಸಮಾಧಾನದಲ್ಲಿ ನಾವಿದ್ದೆವು. ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಅವನ ಮಾಮ ಫೋನ್ ಮಾಡಿದರು. ಬದುಕೇ ಬೇಡ ಅಂತ ಬರೆದಿಟ್ಟು ಮನೆಬಿಟ್ಟು ಹೋಗಿದ್ದಾನೆ ಅಂದರು. ಅಲ್ಲಾಹನ ಕೃಪೆ, ಗದ್ದೆಗೆ ನೀರು ಕಟ್ಟಲು ಬಂದ ಒಬ್ಬ ಗೌಡರು ಅವನನ್ನು ಕಂಡು, ಮಾತಾಡಿಸಿ, ಕೂರಿಸಿಕೊಂಡಿದ್ದರು. ನಮ್ಮ ಪ್ರವಚನ ಮಾಡಲಾರದ ಕೆಲಸವನ್ನು ಅವರ ಮಾತು ಮಾಡಿತು.

ಅವನ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಇದನ್ನು ಬರೆಯುತ್ತಿದ್ದೇವೆ. ನಮ್ಮ ತಪ್ಪನ್ನು ಬೇರೆ ಜಮಾಅತಿನವರು ಮಾಡದಿರಲಿ ಅಂತ ಬರೆಯುತ್ತಿದ್ದೇವೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲೂಕುಗಳು ಕಬ್ಬು, ಭತ್ತ, ಆಲೆಮನೆಗಳ ಸೀಮೆ. ಇಲ್ಲಿ ಸಾಲ ಅನ್ನುವ ಮಾತಿಗೆ ಬೇರೆಯೇ ತೂಕ ಉಂಟು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಸಾಲಕ್ಕೆ ಸೋತು ಜೀವ ಕಳೆದುಕೊಂಡದ್ದನ್ನು ನಾವೆಲ್ಲಾ ಕಂಡಿದ್ದೇವೆ. ಇಸ್ಪೀಟು ಈ ಕಡೆ ಹೊಸದೇನಲ್ಲ. ಹಿಂದೆ ತೋಟದ ಮನೆಗೋ ಊರಾಚೆಗೋ ಹೋಗಿ ಆಡಬೇಕಿತ್ತು. ಪೊಲೀಸರ ಭಯವಿತ್ತು, ಹೋಗಿಬರುವಾಗ ಯಾರಾದರೂ ಕಾಣುವ ನಾಚಿಕೆ ಇತ್ತು. ಈಗ ಅಡ್ಡೆಯೇ ಜೇಬಿಗೆ ಬಂದಿದೆ. ಹೊದಿಕೆಯೊಳಗೆ ಮಲಗಿಕೊಂಡು ಆಡಬಹುದು. ಹೆಂಡತಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸಾಲ ವಸೂಲಿಯವರು ಫೋನ್ ಮಾಡಿದಾಗಲೇ.

ಪಾಂಡವಪುರಕ್ಕೆ ಆ ಹೆಸರು ಬಂದದ್ದೇ ಪಾಂಡವರಿಂದ ಅನ್ನುತ್ತಾರೆ. ವನವಾಸದ ಕಾಲದಲ್ಲಿ ಅವರು ತಾಯಿಯ ಜೊತೆ ಇಲ್ಲಿಯ ಕುಂತಿಬೆಟ್ಟದಲ್ಲಿ ತಂಗಿದ್ದರು ಅಂತ ನಮ್ಮ ಹಿಂದೂ ಸಹೋದರರು ಹೇಳುವ ಕಥೆ. ವನವಾಸ ಬಂದದ್ದು ಯಾತಕ್ಕೆ? ಪಗಡೆಯಿಂದ. ಧರ್ಮರಾಯ ಅಂತ ಹೆಸರು ಪಡೆದವನೇ ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಪಣಕ್ಕಿಟ್ಟ. ಜೂಜಿಗೆ ಬೀಳುವವರು ಕೆಟ್ಟವರು ಮಾತ್ರ ಅಲ್ಲ ಅನ್ನುವುದನ್ನು ಈ ನೆಲದ ಕಥೆಯೇ ಹೇಳುತ್ತದೆ. ಸುಳ್ಳು ಹೇಳದವನು, ಸೇದದವನು, ಕುಡಿಯದವನು, ಐದು ಹೊತ್ತು ನಮಾಝ್ ಮಾಡುವವನೂ ಇದಕ್ಕೆ ಬೀಳುತ್ತಾನೆ.

ಸರಕಾರ ಸುಮ್ಮನಿರಲಿಲ್ಲ. 2007ರಲ್ಲಿ ನಮ್ಮ ರಾಜ್ಯ ಲಾಟರಿ ನಿಲ್ಲಿಸಿತು. 2021ರ ಅಕ್ಟೋಬರ್ 5ರಿಂದ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಕೊನೆಗೆ ಕೇಂದ್ರ ಸರಕಾರವೇ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. 2025ರ ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆ ಇಲ್ಲ, ಅವನನ್ನು ಸಂತ್ರಸ್ತ ಅಂತಲೇ ಕಾಣಬೇಕು ಎಂದು ಸರಕಾರ ಹೇಳಿತು. ದೊಡ್ಡ ಕಂಪೆನಿಗಳು ಹಣದ ಆಟ ನಿಲ್ಲಿಸಿದವು.

ಒಳ್ಳೆಯದೇ ಆಯಿತು. ಆದರೆ ಅಂಗಡಿ ಮುಚ್ಚಿದ ದಿನವೇ ಚಟ ಬಿಡುತ್ತದೆಯೇ? ನಮ್ಮ ಹುಡುಗನಿಗೆ ಆ್ಯಪು ಬಂದಾದ ಕೂಡಲೇ ಯಾರೋ ಮೊಬೈಲಿಗೆ ಇನ್ನೊಂದು ಲಿಂಕ್ ಕಳಿಸಿದರು, ಹೊರದೇಶದ ಬೆಟ್ಟಿಂಗ್ ಸೈಟಿನದ್ದು. ಕಾನೂನು ಆಟ ನಡೆಸುವವನ ಕೈ ಹಿಡಿಯುತ್ತದೆ. ಆಟಕ್ಕೆ ಬಿದ್ದವನ ಕೈ ಹಿಡಿಯುವುದು ಆಸ್ಪತ್ರೆಯ ಕೆಲಸ, ನಮ್ಮ ಕೆಲಸ. ಅದು ಇನ್ನೂ ಸರಿಯಾಗಿ ಶುರುವೇ ಆಗಿಲ್ಲ.

ಇದು ಚಟ ಮಾತ್ರವಾ, ರೋಗವೂ ಹೌದಾ ಅಂತ ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಜೂಜಿನ ಗೀಳು, ಗೇಮಿಂಗ್ ಗೀಳು ಎರಡೂ ಅದರಲ್ಲಿ ರೋಗಗಳಾಗಿಯೇ ಇವೆ. ಗುರುತು ಮೂರು. ಆಟದ ಮೇಲೆ ಹಿಡಿತ ತಪ್ಪುವುದು. ಊಟ, ನಿದ್ದೆ, ಕೆಲಸ, ಮನೆ ಎಲ್ಲಕ್ಕಿಂತ ಆಟವೇ ಮುಂದಾಗುವುದು. ಹಾನಿ ಕಣ್ಣೆದುರು ಇದ್ದರೂ ಬಿಡಲಾಗದಿರುವುದು. ಸಾಮಾನ್ಯವಾಗಿ ಇದು ಒಂದು ವರ್ಷದಷ್ಟು ಕಾಲ ಕಂಡರೆ ವೈದ್ಯರು ರೋಗ ಅನ್ನುತ್ತಾರೆ, ತೀವ್ರವಾಗಿದ್ದರೆ ಅದಕ್ಕೂ ಮೊದಲೇ. ಒಂದು ದಿನ ಕೇರಂ ಆಡಿದ ಹುಡುಗನನ್ನೋ ರಜೆಯಲ್ಲಿ ಗೇಮ್ ಆಡುವ ಮಗುವನ್ನೋ ರೋಗಿ ಅನ್ನಬೇಕಾಗಿಲ್ಲ.

ಅಲ್-ಮಾಇದಾ ಅಧ್ಯಾಯದ 90 ಮತ್ತು 91ನೇ ವಚನಗಳು ಮದ್ಯವನ್ನೂ ಜೂಜನ್ನೂ ಒಟ್ಟಿಗೇ ಇಟ್ಟು ನಿಷೇಧಿಸಿವೆ ಅಂತ ನಮ್ಮ ಸಣ್ಣ ಮಕ್ಕಳಿಗೂ ಗೊತ್ತುಂಟು. ಅಮೆರಿಕದ ಮನೋವೈದ್ಯರ ಸಂಘ ಜೂಜಿನ ಗೀಳನ್ನು ಮದ್ಯ, ಮಾದಕ ವಸ್ತುಗಳ ವ್ಯಸನದ ಜೊತೆ ಒಂದೇ ಅಧ್ಯಾಯಕ್ಕೆ ಸೇರಿಸಿದ್ದು 2013ರಲ್ಲಿ. ಕುಡಿತದಲ್ಲಿ ಮಿದುಳಿಗೆ ಆಗುವಂಥದ್ದೇ ಜೂಜಿನಲ್ಲೂ ಆಗುತ್ತದೆ ಅಂತ ಕಂಡುಕೊಂಡ ಮೇಲೆ. ಗೆಲುವಿನ ಆಸೆ ಮಾತ್ರ ಅಲ್ಲ, ಇನ್ನೇನು ಗೆಲ್ಲುತ್ತಿದ್ದೆ ಅನ್ನುವ ಸೋಲೂ ಮನಸ್ಸನ್ನು ಎಳೆಯುತ್ತದೆ. ಆಡುತ್ತಾ ಆಡುತ್ತಾ ಮೊದಲಿನ ಮೊತ್ತ ಸಾಲುವುದಿಲ್ಲ. ನಿಲ್ಲಿಸಿದರೆ ಚಡಪಡಿಕೆ, ಸಿಟ್ಟು, ನಿದ್ದೆ ಇಲ್ಲ. ಆ ತಾಯಿ ಹೇಳಿದ ಲಕ್ಷಣಗಳೂ ಇವೇ.

“ರೋಗ ಅಂದರೆ ಪಾಪಕ್ಕೆ ರಿಯಾಯಿತಿ ಕೊಟ್ಟ ಹಾಗೆ ಆಗುವುದಿಲ್ವಾ ಉಸ್ತಾದರೇ?” ಅಂತ ಕಮಿಟಿಯ ಹಿರಿಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸಕ್ಕರೆ ಕಾಯಿಲೆ ಇದ್ದವನಿಗೆ ರೋಗಿ ಅಂತ ಹೇಳಿದ ಮಾತ್ರಕ್ಕೆ ಅವನು ಸಿಹಿ ತಿನ್ನಬಹುದು ಅಂತ ಆಗುವುದಿಲ್ಲ. ಅವನ ಜವಾಬ್ದಾರಿ ಇನ್ನೂ ಹೆಚ್ಚುತ್ತದೆ. ಹರಾಂ ಹರಾಮೇ. ತೌಬಾ ಬೇಕೇ ಬೇಕು. ಆದರೆ ಕಾಲು ಮುರಿದವನಿಗೆ ನಡೆ ನಡೆ ಅಂತ ಬೈದರೆ ಅವನು ನಡೆಯುವುದಿಲ್ಲ, ಮೊದಲು ಕಾಲು ಕಟ್ಟಬೇಕು.

ಸಹೀಹ್ ಬುಖಾರಿಯಲ್ಲಿ ಒಂದು ಘಟನೆ ಉಂಟು. ಒಬ್ಬ ಸಹಾಬಿಯನ್ನು ಮದ್ಯಪಾನಕ್ಕಾಗಿ ಮತ್ತೆ ಮತ್ತೆ ಪ್ರವಾದಿ(ಸ)ಯವರ ಮುಂದೆ ತರಲಾಗುತ್ತಿತ್ತು. ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಅಲ್ಲಿದ್ದ ಒಬ್ಬರು ಬೇಸತ್ತು ಅವರನ್ನು ಶಪಿಸಿದರು. ಪ್ರವಾದಿ(ಸ)ಯವರು ಶಪಿಸಬೇಡಿ ಎಂದು ತಡೆದರು; ಆತ ಅಲ್ಲಾಹನನ್ನೂ ರಸೂಲರನ್ನೂ ಪ್ರೀತಿಸುವವನು ಎಂದರು. ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ಸಹಾಯ ಮಾಡಬೇಡಿ ಎಂಬ ಅರ್ಥದ ಮಾತೂ ಇನ್ನೊಂದು ವರದಿಯಲ್ಲಿದೆ. ತಪ್ಪನ್ನು ತಪ್ಪು ಎಂದೇ ಹೇಳಿ, ಮನುಷ್ಯನನ್ನು ಕೈಬಿಡದ ರೀತಿ ಅದು. ಈ ಹದೀಸನ್ನು ನಾವು ಎಷ್ಟು ಸಲ ಪಾಠ ಮಾಡಿದ್ದೇವೋ ಲೆಕ್ಕವಿಲ್ಲ. ಬೇಕಾದ ದಿನ ನೆನಪಿಗೆ ಬರಲಿಲ್ಲ. ಆ ಗುರುವಾರ ನಾವು ಯಾರಿಗೆ ಸಹಾಯ ಮಾಡಿದೆವು ಅಂತ ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಚಿಕಿತ್ಸೆ ಪಡೆಯುವುದು ಈಮಾನಿನ ಕೊರತೆ ಅನ್ನುವ ತಪ್ಪು ತಿಳುವಳಿಕೆಯೂ ನಮ್ಮಲ್ಲಿದೆ. ಪ್ರತಿ ರೋಗಕ್ಕೂ ಅಲ್ಲಾಹನು ಮದ್ದು ಇಟ್ಟಿದ್ದಾನೆ ಎಂದು ಕಲಿಸಿದ್ದು ಪ್ರವಾದಿ(ಸ)ಯವರೇ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖೀ ಎಂಬ ವಿದ್ವಾಂಸರು ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ ಎರಡನ್ನೂ ಸೇರಿಸಿ ಒಂದು ಗ್ರಂಥ ಬರೆದರು. ಸಿಟ್ಟು, ಭಯ, ದುಃಖ, ಬಿಡದೆ ಕಾಡುವ ಯೋಚನೆ ಇವಕ್ಕೆಲ್ಲಾ ಪರಿಹಾರ ಹೇಳಿದರು. ನಾವು ದುಆ ಮಾಡಿ ಕಳಿಸುತ್ತೇವೆ, ತಪ್ಪಿಲ್ಲ. ದುಆ ಮಾಡಿ ವೈದ್ಯರ ಬಳಿಗೆ ಕಳಿಸಬೇಕು.

ಇನ್ನೊಂದು ಮಾತು ಬರೆಯಲು ನಮಗೂ ಸಂಕೋಚ. ಆದರೂ ಬರೆಯಬೇಕು. ಅಶ್ಲೀಲ ವೀಡಿಯೊ ನೋಡುವುದನ್ನು ಬಿಡಲಾಗದೆ ಒದ್ದಾಡುವ ಯುವಕರು ಉಂಟು. ಸಾಲವಾದರೂ ಒಂದು ದಿನ ಹೊರಗೆ ಬರುತ್ತದೆ, ಇದು ಬರುವುದೇ ಇಲ್ಲ. ಇವರು ತಂದೆಗೆ ಹೇಳಲಾರರು, ನಮಗೆ ಹೇಳಲಾರರು. ನಿಯಂತ್ರಣವೇ ತಪ್ಪಿ ಬದುಕು ಹಾಳಾಗುವ ಮಟ್ಟದ ಲೈಂಗಿಕ ವರ್ತನೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಅದೇ ಪಟ್ಟಿಯಲ್ಲಿ ಸೇರಿಸಿದೆ. ಒಂದು ಎಚ್ಚರವನ್ನೂ ಹೇಳಿದೆ: ಪಾಪ ಮಾಡಿದೆ ಅನ್ನುವ ಸಂಕಟ ಒಂದೇ ಇದ್ದರೆ ಅದನ್ನು ರೋಗ ಅನ್ನಲಾಗದು. ಯಾವುದು ರೋಗ, ಯಾವುದಕ್ಕೆ ತೌಬಾವೇ ಸಾಕು ಅಂತ ನಾವೂ ತೀರ್ಮಾನ ಕೊಡಬಾರದು, ಹುಡುಗನೂ ತನಗೆ ತಾನೇ ಕೊಟ್ಟುಕೊಳ್ಳಬಾರದು. ತಿಳಿದ ವೈದ್ಯರು ಹೇಳಲಿ. ಅಲ್ಲಿಯವರೆಗೆ ಅವನನ್ನು ಹೆದರಿಸದಿರೋಣ.

ಸೌಲಭ್ಯ ಏನೂ ಇಲ್ಲವೇ ಅಂದರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್ ಗೀಳಿಗೆಂದೇ ‘ಶಟ್’ ಕ್ಲಿನಿಕ್ 2014ರಿಂದ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಉಂಟು. ನಂಬರು 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆ ಉಂಟು, ನಾಗಮಂಗಲ ತಾಲೂಕಿನಲ್ಲೇ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಉಂಟು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಉಂಟು. ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬಂದು ನೋಡುವ ‘ಮನೋಚೈತನ್ಯ’ ಯೋಜನೆ ಉಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ರೋಗಿಯ ವಿಷಯವನ್ನು ಗುಟ್ಟಾಗಿ ಇಡುವುದೂ ಕಾಯ್ದೆಯ ಮಾತೇ.

ಆದರೆ ಕಾಗದದ ಮೇಲೆ ಇರುವುದಕ್ಕೂ ಕೌಂಟರಿನಲ್ಲಿ ಸಿಗುವುದಕ್ಕೂ ವ್ಯತ್ಯಾಸ ಉಂಟು. ಹುಡುಗನನ್ನು ಮೊದಲು ಕರೆದುಕೊಂಡು ಹೋದ ಕಡೆ ಚೀಟಿ ಬರೆಯುವವರು ಎಲ್ಲರೆದುರು ಏನು ಕಾಯಿಲೆ ಅಂತ ಕೇಳಿದರು. ನಾವು ಮೆಲ್ಲಗೆ ಹೇಳಿದೆವು. “ಜೂಜಿಗೂ ಮಾತ್ರೆ ಕೊಡ್ತಾರೇನಪ್ಪಾ?” ಅಂತ ಅವರು ನಕ್ಕರು. ಹಿಂದೆ ಸಾಲಿನಲ್ಲಿ ನಿಂತವರೂ ನಕ್ಕರು. ಹುಡುಗ ತಿರುಗಿ ನಡೆದುಬಿಟ್ಟ. ಮತ್ತೆ ಒಪ್ಪಿಸಲು ಮೂರು ವಾರ ಬೇಕಾಯಿತು. ಮನೆಯಿಂದಲೇ 14416ಕ್ಕೆ ಫೋನ್ ಮಾಡಿ, ಆ ಕಡೆಯವರು ಅರ್ಧ ಗಂಟೆ ತಾಳ್ಮೆಯಿಂದ ಮಾತಾಡಿದ ಮೇಲೆಯೇ ಅವನು ಮನೋವೈದ್ಯರನ್ನು ಕಾಣಲು ಒಪ್ಪಿದ್ದು. ಶ್ರೀರಂಗಪಟ್ಟಣದವರಿಗಾದರೆ ಮೈಸೂರು ಪಕ್ಕದಲ್ಲೇ ಇದೆ. ಕೆ.ಆರ್. ಪೇಟೆಯ ಹಳ್ಳಿಯವನಿಗೆ ಮಂಡ್ಯವೂ ದೂರ, ಮೈಸೂರೂ ದೂರ. ಒಂದು ಸಲ ಹೋದರೆ ಒಂದು ದಿನದ ಕೂಲಿ ಹೋಯಿತು. ಈ ಚಿಕಿತ್ಸೆ ಒಂದು ಸಲಕ್ಕೆ ಮುಗಿಯುವುದಲ್ಲ, ವಾರ ವಾರ ಕೂತು ಮಾತಾಡಬೇಕು.

ಆದ್ದರಿಂದ ಆರೋಗ್ಯ ಇಲಾಖೆಯನ್ನು ನಾವು ಕೇಳುವುದು ದೊಡ್ಡದೇನಲ್ಲ. ಈ ನಾಲ್ಕು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬರುವ ದಿನವನ್ನು ಎಲ್ಲರಿಗೂ ಕಾಣುವ ಹಾಗೆ ಬೋರ್ಡಿನಲ್ಲಿ ಹಾಕಲಿ. ಆ ಬೋರ್ಡಿನಲ್ಲಿ ಕುಡಿತದ ಜೊತೆಗೆ ಜೂಜು, ಮೊಬೈಲ್ ಗೀಳು ಅಂತಲೂ ಬರೆಯಲಿ. ಆಗ ಇದಕ್ಕೂ ಮದ್ದುಂಟು ಅಂತ ಜನಕ್ಕೆ ಗೊತ್ತಾಗುತ್ತದೆ. ಚೀಟಿ ಕೌಂಟರಿನಲ್ಲಿ ಕಾಯಿಲೆ ಕೂಗಿ ಹೇಳಿಸುವುದು ನಿಲ್ಲಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಇದರ ಲಕ್ಷಣಗಳನ್ನು ಕಲಿಸಲಿ. ಸಾಲ ವಸೂಲಿಯ ಕಿರುಕುಳ ಅಂತ ಪೊಲೀಸ್ ಠಾಣೆಗೆ ಬಂದವನಿಗೆ ಈ ನಂಬರನ್ನೂ ಕೊಟ್ಟು ಕಳಿಸಲಿ.

ಸರಕಾರಕ್ಕೆ ಹೇಳಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಜಮಾಅತುಗಳು ಮಾಡಬೇಕಾದದ್ದೂ ಉಂಟು. ಖುತ್ಬಾದಲ್ಲಿ ಜೂಜಿನ ವಿರುದ್ಧ ಮಾತಾಡಿ, ಆದರೆ ಗುರುತು ಸಿಗುವ ಮಾತು ಬೇಡ. ಮಾತಿನ ಕೊನೆಗೆ, ಸಿಕ್ಕಿಕೊಂಡವರಿದ್ದರೆ ನಾಚಿಕೆ ಬೇಡ, ಬನ್ನಿ, ಗುಟ್ಟು ಗುಟ್ಟಾಗಿಯೇ ಇರುತ್ತದೆ ಅಂತ ಹೇಳಿ. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಿ. ನಂಬಿಕಸ್ಥರಾದ ಇಬ್ಬರು ಸಾಕು, ದೊಡ್ಡ ಕಮಿಟಿ ಬೇಡ. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಒಬ್ಬರು. ಪಾಪದ ದಾರಿಯಲ್ಲಿ ಸಾಲ ಮಾಡಿದವನು ಪಶ್ಚಾತ್ತಾಪಪಟ್ಟರೆ ಅವನಿಗೂ ಕೊಡಬಹುದು ಎಂಬ ಅಭಿಪ್ರಾಯ ಶಾಫಿಈ ಕರ್ಮಶಾಸ್ತ್ರದಲ್ಲಿದೆ. ನಿಮ್ಮ ಊರಿನ ಉಲಮಾಗಳನ್ನು ಕೇಳಿ ಮುಂದುವರಿಯಿರಿ. ಒಂದು ಮಾತು ಮರೆಯಬೇಡಿ: ದುಡ್ಡನ್ನು ಅವನ ಕೈಗೆ ಕೊಡಬೇಡಿ, ಸಾಲ ಕೊಟ್ಟವನಿಗೆ ನೇರವಾಗಿ ಕಟ್ಟಿ. ಚಿಕಿತ್ಸೆ ಇಲ್ಲದೆ ಸಾಲ ಮಾತ್ರ ತೀರಿಸಿದರೆ ಹೊಸ ಸಾಲಕ್ಕೆ ದಾರಿ ಮಾಡಿಕೊಟ್ಟ ಹಾಗೆ.

ಮನೆಯವರಿಗೂ ಎರಡು ಮಾತು. ಮದುವೆ ಮಾಡಿದರೆ ಸರಿಹೋಗ್ತಾನೆ ಅಂತ ಯಾರೋ ಹೇಳುತ್ತಾರೆ. ಸರಿಹೋಗುವುದಿಲ್ಲ, ಯಾರದೋ ಮನೆಯ ಹೆಣ್ಣುಮಗಳು ಸಾಲದಲ್ಲಿ ಪಾಲುದಾರಳಾಗುತ್ತಾಳೆ. ಗಲ್ಫಿಗೆ ಕಳಿಸಿದರೆ ಬುದ್ಧಿ ಬರ್ತದೆ ಅನ್ನುತ್ತಾರೆ. ಮೊಬೈಲ್ ಅಲ್ಲಿಗೂ ಹೋಗುತ್ತದೆ, ಜೊತೆಗೆ ಒಂಟಿತನವೂ ಸೇರುತ್ತದೆ. ಅದರ ಬದಲು, ಅವನ ಒಪ್ಪಿಗೆ ಪಡೆದು ಸಂಬಳದ ಖಾತೆಯನ್ನು ಕೆಲವು ಕಾಲ ಮನೆಯವರು ನೋಡಿಕೊಳ್ಳಲಿ. ರಾತ್ರಿ ಮೊಬೈಲ್ ಅಮ್ಮನ ಕೋಣೆಯಲ್ಲಿರಲಿ. ಬದುಕು ಬೇಡ ಅನ್ನುವ ಮಾತು ಬಾಯಿಗೆ ಬಂದರೆ ತಮಾಷೆ ಅಂತ ಬಿಡಬೇಡಿ, ಒಬ್ಬನನ್ನೇ ಬಿಡಬೇಡಿ, ಕೂಡಲೇ 14416ಕ್ಕೆ ಫೋನ್ ಮಾಡಿ ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಹುಡುಗ ಪೂರ್ತಿ ಗುಣವಾಗಿದ್ದಾನೆ ಅಂತ ಬರೆದರೆ ಸುಳ್ಳಾಗುತ್ತದೆ. ನಡುವೆ ಒಮ್ಮೆ ಮತ್ತೆ ಆಡಿದ. ಸಂಬಳದ ಅರ್ಧ ಹೋಯಿತು. ಈ ಸಲ ಅವನೇ ಬಂದು ಹೇಳಿದ. ವೈದ್ಯರು, ಬಿದ್ದದ್ದಕ್ಕಿಂತ ಬಂದು ಹೇಳಿದ್ದು ದೊಡ್ಡದು ಅಂದರು. ತಂಗಿಯ ಸರ ಇನ್ನೂ ಬಿಡಿಸಿಲ್ಲ, ಕಂತು ಕಟ್ಟುತ್ತಿದ್ದಾನೆ. ಕೆಲವು ವಾರಗಳಿಂದ ಜುಮಾಕ್ಕೆ ಬರುತ್ತಿದ್ದಾನೆ, ಕೊನೆಯ ಸಫ್ಫಿನಲ್ಲಿ ಬಾಗಿಲ ಪಕ್ಕ ನಿಲ್ಲುತ್ತಾನೆ. ಮುಂದೆ ಬಾ ಅಂತ ನಾವು ಕರೆದಿಲ್ಲ. ಅವನಿಗೆ ಅನ್ನಿಸಿದಾಗ ಬರುತ್ತಾನೆ.

ನಮಾಝಿನ ಸಮಯ ಬರೆಯುವ ಬೋರ್ಡಿನ ಕೆಳಗೆ ಈಗ ಒಂದು ಸಾಲು ಬರೆದಿದ್ದೇವೆ: ಮನಸ್ಸಿಗೆ ಕಷ್ಟವಿದ್ದರೆ 14416. ಕಮಿಟಿಯಲ್ಲಿ ಒಬ್ಬಿಬ್ಬರು, ಮಸೀದಿಯಲ್ಲಿ ಇದೆಲ್ಲಾ ಯಾಕೆ ಅಂದರು. ಅಳಿಸಲಿಲ್ಲ. ನಿಮ್ಮ ಊರಿನ ಮಸೀದಿಯ ಬೋರ್ಡಿನಲ್ಲೂ ಅಷ್ಟು ಜಾಗ ಇರಬಹುದು. ಈ ಶುಕ್ರವಾರ ನೋಡಿ.